ಸಾವನ್ನು ಉಳಿಸಿ ತಿದ್ದುಪಡಿಯನ್ನು ಅಳಿಸಿದ ಆಜ್ಞೆಯವರಿಗೆ

ಸುದ್ದಿ ಸರ್ವರಿನ ಲೇಖನ ಉಗ್ರಾಣವನ್ನು ಏಕಾಂಗಿಯಾಗಿ ಆಳುತ್ತಿರುವ ಎರಡಕ್ಷರದ ಕಂಪ್ಯೂಟರ್ ಆಜ್ಞೆಯವರ ಸನ್ನಿಧಿಗೆ,
ಕಪ್ಪು ತೆರೆ, ಮಿಣುಕುವ ಗೆರೆಯ ಪಕ್ಕ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿ ಈ ಅರಿಕೆಯನ್ನು ಬರೆಯುತ್ತಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಎಲ್ಲವೂ ಸರಿಯಿದ್ದಾಗ ತುಟಿ ಬಿಚ್ಚುವುದು ತಮ್ಮ ಮನೆತನದಲ್ಲೇ ಇಲ್ಲವಂತೆ.

ತಮಗೆ ನನ್ನ ಪರಿಚಯ ಇರಲಾರದು. ಕಾಗದದ ಗೊಡವೆಯಿಲ್ಲದೆ ತೆರೆಯ ಮೇಲಷ್ಟೇ ಓದಿಸಿಕೊಳ್ಳುವ ನಮ್ಮ ಸುದ್ದಿಮನೆಯ ಬರಹಗಳೆಲ್ಲ ತಮ್ಮ ಉಗ್ರಾಣವನ್ನು ಸೇರುತ್ತವೆ. ಒಂದೊಂದಕ್ಕೂ ಟೋಕನ್ ಎಂಬ, ಹನುಮಂತನ ಬಾಲದಷ್ಟುದ್ದದ ಅಂಕಿ-ಅಕ್ಷರಗಳ ಗುರುತು ಅಂಟುತ್ತದೆ. ಆ ಗುರುತನ್ನು ಬೆರಳಚ್ಚಿಸಿದರೆ ತಾವು ಬರಹವನ್ನು ತಂದೊಪ್ಪಿಸುತ್ತೀರಿ, ಅದರ ಹಿಂದೆ ಒಂದು ಅಡ್ಡಗೆರೆಯನ್ನೂ ಒಂದೇ ಒಂದು ಅಕ್ಷರವನ್ನೂ ಸೇರಿಸಿದರೆ ಬರಹ ಹುಟ್ಟಿಯೇ ಇರಲಿಲ್ಲವೆನ್ನಿಸಿಬಿಡುತ್ತೀರಿ. ಆ ಗುರುತನ್ನು ಬೆರಳಚ್ಚಿಸುವ ಗುಮಾಸ್ತೆ ನಾನು.

ಕಳೆದ ಸೋಮವಾರ ನಮ್ಮಲ್ಲಿ ನಲವತ್ತು ವರ್ಷ ಕರಡು ತಿದ್ದಿದ ಹಿರಿಯರೊಬ್ಬರು ನಿವೃತ್ತರಾದರು. ಹೆಸರಿಗಿಂತ ಹೆಚ್ಚಾಗಿ ಎಲ್ಲರೂ ಅವರನ್ನು ಕರೆಯುವುದು ಕಾಗುಣಿತ ಮೇಷ್ಟ್ರು ಎಂದೇ. ಬೀಳ್ಕೊಡುಗೆಯ ವರದಿ ಬರೆದ ಉಪಸಂಪಾದಕರು ಭಾವುಕರಾಗಿ “ಹಿರಿಯರು ನಮ್ಮನ್ನು ಅಗಲಿದ್ದಾರೆ” ಎಂದು ಬರೆದರು; ತಲೆಬರಹ ಕೊಡುವವರು ಅಗಲಿಕೆಗೆ ಇರುವ ಒಂದೇ ಅರ್ಥವನ್ನು ಹಿಡಿದು “ನಿಧನ” ಎಂದು ಹಾಕಿದರು; ಇದು ಸಾಲದೆಂಬಂತೆ ಕರಡಿನ ಕೊಂಬು ಬಿದ್ದು ಅಲ್ಲೊಂದು ಗುಡಿಸು ಬಂದು, “ನಲವತ್ತು ವರ್ಷ ಕರಡಿ ತಿದ್ದಿದ ಹಿರಿಯರ ನಿಧನ” ಎಂಬ ಸುದ್ದಿ ಲೋಕಕ್ಕೆಲ್ಲ ಹೋಯಿತು. ಅದನ್ನು ಹಿಡಿಯಬೇಕಾಗಿದ್ದವರೇ ಅಗಲಿದ್ದರಲ್ಲ!

ಮರುದಿನ ಬೆಳಗ್ಗೆ ಮೇಷ್ಟ್ರ ಹೆಂಡತಿಯ ತಂಗಿ ದೂರದ ಊರಿನಿಂದ ಅಳುತ್ತಾ ಬಂದು ಇಳಿದಾಗ, ಮೇಷ್ಟ್ರು ಕನ್ನಡಿಯ ಮುಂದೆ ಮುಖದ ತುಂಬ ನೊರೆ ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದರಂತೆ. ಆಕೆ ಅಲ್ಲೇ ಬಾಗಿಲಲ್ಲಿ ಕುಸಿದು ಕೂತು, ಉಸಿರು ಬಂದ ಮೇಲೆ ಆಡಿದ ಮೊದಲ ಮಾತು: “ನಾಲ್ಕು ದಿನ ರಜ ಹಾಕಿ ಬಂದಿದೀನಿ ಭಾವ, ಈಗ ಆಫೀಸಿಗೆ ಏನಂತ ಹೇಳ್ಲಿ?” ಅಂದೇ ನಾವು “ಹಿರಿಯರು ಬದುಕಿದ್ದಾರೆ, ವಿಷಾದಿಸುತ್ತೇವೆ” ಎಂಬ ತಿದ್ದುಪಡಿಯನ್ನು ಹಾಕಿದೆವು. ಬದುಕಿರುವುದಕ್ಕೆ ವಿಷಾದವೋ ತಪ್ಪಿಗೆ ವಿಷಾದವೋ ಎಂದು ಯಾರೂ ಕೇಳಲಿಲ್ಲ.

ಸಂಪಾದಕರು ನನ್ನನ್ನು ಕರೆದು, “ಸಾವನ್ನ ತೆಗೆದುಹಾಕಮ್ಮ, ತಿದ್ದುಪಡಿ ಇರಲಿ,” ಎಂದರು. ಎರಡರ ಟೋಕನ್ನೂ ಅವಳಿಜವಳಿ. ಕೊನೆಯ ಅಂಕಿ ಸಾವಿನದರಲ್ಲಿ ಏಳು, ತಿದ್ದುಪಡಿಯದರಲ್ಲಿ ಎಂಟು. ಮಾನ್ಯರೇ, ನಾನು ಎಂಟನ್ನು ಒತ್ತಿದೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ನಮ್ಮ ಮನೆಯಲ್ಲಿ ಹರಿದ ಒರಸುಬಟ್ಟೆಯನ್ನು ಎಸೆಯುವಾಗಲೂ ನಮ್ಮತ್ತೆ “ಸರಿಯಾಗಿ ನೋಡಿದ್ಯೇನೇ?” ಎಂದು ಮೂರು ಸಲ ಕೇಳುತ್ತಾರೆ, ಒಬ್ಬ ಮನುಷ್ಯ ಬದುಕಿರುವ ಸುದ್ದಿಯನ್ನೇ ಕಸಕ್ಕೆ ಹಾಕುವಾಗ ತಾವು ಒಂದು ಸಲ ಕೆಮ್ಮಲೂ ಇಲ್ಲವಲ್ಲ! ಅಂತಹ ವಿಧೇಯತೆಯನ್ನು ನಾನು ಯಾವ ಅಳಿಯನಲ್ಲೂ ಕಂಡಿಲ್ಲ. ಅನುಮಾನವಾಗಿ ಸಾವನ್ನು ತೋರಿಸಿ ಎಂದೆ, ಕರಡಿಯ ಸಮೇತ ಠೀವಿಯಿಂದ ತಂದು ನಿಲ್ಲಿಸಿದಿರಿ. ಬದುಕನ್ನು ತೋರಿಸಿ ಎಂದೆ, ಅಂಥದ್ದು ಇಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸಿದಿರಿ.

ಪಕ್ಕದ ಊರಿನ ಶಾಖೆಯ ಸರ್ವರಿನಲ್ಲಿ ತಿದ್ದುಪಡಿಯ ಒಂದು ಪ್ರತಿ ಇರುತ್ತದೆಂದು ನೆನಪಾಗಿ ಅಲ್ಲಿಯ ಗುಮಾಸ್ತರಿಗೆ ಫೋನು ಮಾಡಿ ಬೇಡಿಕೊಂಡೆ. ಪುಣ್ಯಾತ್ಮರು ಕೂಡಲೇ ಕಳಿಸಿದರು. ಆದರೆ ಬಾಗಿಲಲ್ಲಿ ಕೂತಿರುವ ತಮ್ಮ ಅಣ್ಣನವರು, ಅಂದರೆ ನಮ್ಮ ಸರ್ವರು, “ಇದನ್ನು ಒಮ್ಮೆ ನೋಡಿಯಾಗಿದೆ, ಮತ್ತೆ ಬೇಡ,” ಎಂದು ಹೊರಗೇ ನಿಲ್ಲಿಸಿದರು. ಒಂದೇ ಮನೆಯಲ್ಲಿ ತಮ್ಮನಿಗೆ ಏನೂ ಗೊತ್ತಿಲ್ಲ, ಅಣ್ಣನಿಗೆ ಎಲ್ಲವೂ ನೆನಪಿದೆ. ತಮ್ಮ ಸಂಸಾರ ಹೇಗೆ ಸಾಗುತ್ತಿದೆಯೋ ದೇವರೇ ಬಲ್ಲ.

ಅಷ್ಟರಲ್ಲಿ ಮೇಷ್ಟ್ರೇ ನನ್ನ ಕೋಣೆಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ನಾನು ಅಳುತ್ತಲೇ ಎಲ್ಲವನ್ನೂ ಒಪ್ಪಿಸಿದೆ. ಅವರು ಕನ್ನಡಕ ಒರಸಿಕೊಂಡು ಹೇಳಿದರು: “ಸತ್ತೆ ಅಂದಿದ್ದಕ್ಕೆ ನನಗೆ ಬೇಜಾರಿಲ್ಲಮ್ಮ, ಇವತ್ತಲ್ಲ ನಾಳೆ ಅದು ನಿಜ ಆಗೋದೇ. ಆದರೆ ಕರಡಿ! ಆ ಒಂದಕ್ಷರನಾದ್ರೂ ತಿದ್ದೋಕಾಗಲ್ವಾ?” ಆಗುವುದಿಲ್ಲವೆಂದೆ. ತಾವು ಇಡಿಯಾಗಿ ಕೊಡುತ್ತೀರಿ ಇಲ್ಲವೇ ಇಡಿಯಾಗಿ ನುಂಗುತ್ತೀರಿ, ಅಕ್ಷರ ತಿದ್ದುವಂಥ ಸಣ್ಣ ಕೆಲಸಕ್ಕೆ ಇಳಿಯುವವರಲ್ಲ. ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಯಾರಿಗೂ ಹೇಳ್ಬೇಡ, ನಾನೂ ಒಂದ್ಸಲ ಮದುವೆ ಸುದ್ದೀಲಿ ‘ವಧು’ನ ‘ವಧೆ’ ಅಂತ ಬಿಟ್ಟಿದ್ದೆ. ಮೂರು ತಿಂಗಳು ನಿದ್ದೆ ಬರಲಿಲ್ಲ,” ಎಂದರು. ಆಮೇಲೆ ಮೇಷ್ಟ್ರು ಬದುಕಿರುವ ಬಗ್ಗೆ ಹೊಸ ತಿದ್ದುಪಡಿಯನ್ನು ಮೇಷ್ಟ್ರೇ ಬರೆದರು. ನಾಲ್ಕು ಸಾಲು, ಒಂದೂ ತಪ್ಪಿಲ್ಲ. ಹೊಸ ಬರಹವಾದ್ದರಿಂದ ತಮ್ಮ ಅಣ್ಣನವರು ತಕರಾರಿಲ್ಲದೆ ಒಳಗೆ ಬಿಟ್ಟುಕೊಂಡರು.

ಉಳಿದದ್ದು ಸಾವು. ಮೇಷ್ಟ್ರು ಟೋಕನ್ನಿನ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದಿದರು, ನಾನು ಒತ್ತಿದೆ, ಅವರು ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಓದಿದರು. ತಮ್ಮ ಸ್ವಂತ ಸಾವಿನ ಕರಡನ್ನು ಇಷ್ಟು ಶ್ರದ್ಧೆಯಿಂದ ನೋಡಿದವರು ಇನ್ನೊಬ್ಬರು ಇರಲಾರರು. ಕೊನೆಗೆ ಗುಂಡಿ ಒತ್ತಿದೆ. ತಾವು ಎಂದಿನಂತೆ ಮೌನ.

“ಏನೂ ಅನ್ನಲಿಲ್ಲವಲ್ಲ?” ಎಂದರು ಮೇಷ್ಟ್ರು.

“ಏನೂ ಅನ್ನದಿದ್ರೆ ಕೆಲಸ ಆಯ್ತು ಅಂತ ಅರ್ಥ, ಮೇಷ್ಟ್ರೇ.”

“ಓ, ನಮ್ಮ ಸಂಪಾದಕರ ಜಾತಿ,” ಎಂದು ಅವರು ಎದ್ದು ಕೊಡೆ ಹಿಡಿದುಕೊಂಡರು. “ನಲವತ್ತು ವರ್ಷದಲ್ಲಿ ಒಂದ್ಸಲನಾದ್ರೂ ಚೆನ್ನಾಗಿದೆ ಅಂತ ಹೇಳಿದ್ರೆ ಕೇಳು.” ಬಾಗಿಲ ತನಕ ಹೋದವರನ್ನು ಕೂಗಿ ನಿಲ್ಲಿಸಿ, “ಚೆನ್ನಾಗಿತ್ತು ಮೇಷ್ಟ್ರೇ, ನಲವತ್ತು ವರ್ಷವೂ,” ಎಂದೆ. ಅವರು ತಿರುಗಲಿಲ್ಲ. ಕೊಡೆಯನ್ನು ಮಾತ್ರ ಎರಡು ಸಲ ನೆಲಕ್ಕೆ ಕುಟ್ಟಿ ಮೆಟ್ಟಿಲಿಳಿದರು.

ಆದ್ದರಿಂದ ಮಾನ್ಯರಲ್ಲಿ ವಿನಂತಿ: ಇನ್ನುಮುಂದೆ ಯಾರದಾದರೂ ಬದುಕನ್ನು ಅಳಿಸುವ ಮುನ್ನ ತಾವು ಒಂದು ನಿಟ್ಟುಸಿರನ್ನಾದರೂ ಬಿಡಬೇಕು, ಸಾಧ್ಯವಾದರೆ ವಾರಕ್ಕೆರಡು ದಿನ ನಮ್ಮತ್ತೆಯವರ ಬಳಿ ಬಂದು ತರಬೇತಿ ಪಡೆಯಬೇಕು. ಊಟ-ವಸತಿ ನಮ್ಮದು.

ಉತ್ತರದ ಆಸೆಯನ್ನು ಕಟ್ಟಿಟ್ಟು, ಆದರೂ ತೆರೆಯನ್ನು ಆಗಾಗ ಇಣುಕುತ್ತಿರುವ,

ತಮ್ಮ ವಿಶ್ವಾಸಿ,
ಉಗ್ರಾಣದ ಗುಮಾಸ್ತೆ

ತಾ.ಕ.: ಈ ಪತ್ರವೂ ನಿಯಮದಂತೆ ತಮ್ಮ ಉಗ್ರಾಣಕ್ಕೇ ಬರುತ್ತದೆ. ನಾಳೆ ಕೇಳಿದಾಗ “ಅಂಥದ್ದು ಇಲ್ಲ” ಎಂದರೆ, ತಾವು ಅದನ್ನು ಓದಿ, ನಾಚಿ ಅಡಗಿಸಿದ್ದೀರೆಂದು ತಿಳಿದು ಸಂತೋಷಪಡುತ್ತೇನೆ.