ಸೀನಿದ ಚಾಪೆಯ ವಿಷಯವಾಗಿ

ಸಮೋವಾ ದೇಶದ ಉಪೋಲು ದ್ವೀಪದಲ್ಲಿ ಸಲೆಮೋವಾ ಠಾಣೆಯ ಕುರ್ಚಿಯನ್ನು ಅಲಂಕರಿಸಿರುವ ಇನ್ಸ್‌ಪೆಕ್ಟರ್ ಇಯೋಸೆಫೋ ಅವರ ಸನ್ನಿಧಿಗೆ, ಪಕ್ಕದ ಹಳ್ಳಿಯ ಮಾತಾಲೇನಾ ಎಂಬ ಸಾಮಾನ್ಯ ಹೆಂಗಸು ಮಾಡುವ ಸಾವಿರ ನಮಸ್ಕಾರಗಳು.

ಮಾನ್ಯರೇ, ತಾವು, ತಮ್ಮ ಜೀಪು ಮತ್ತು ತಮ್ಮ ನಾಯಿ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ, ನನ್ನ ಗಂಡ ಫೆರೆತಿಯೂ ಕ್ಷೇಮ. ಆತ ಕ್ಷೇಮವಾಗಿರುವುದರಿಂದಲೇ ಈ ದೂರು. ಕಳೆದ ಶನಿವಾರ ತಾವು ನನ್ನ ಅಂಗಳದಲ್ಲಿ ಟೋಪಿ ತೆಗೆದು, ಆತ ಸಮುದ್ರದ ಪಾಲಾದನೆಂದು ಘೋಷಿಸಿದಿರಿ. ನಿನ್ನೆ ರೇಡಿಯೋದಲ್ಲಿ ‘ಪೊಲೀಸರ ಅವಿರತ ಶೋಧದ ಫಲವಾಗಿ ನಾಪತ್ತೆಯಾಗಿದ್ದ ವ್ಯಕ್ತಿ ಪತ್ತೆ’ ಎಂದು ತಮ್ಮದೇ ದನಿ ಕೇಳಿ ನಾನು ಕುಡಿಯುತ್ತಿದ್ದ ಕೋಕೋ ನೆತ್ತಿಗೇರಿತು.

ನಡೆದದ್ದು ಇಷ್ಟು. ಆ ಬೆಳಿಗ್ಗೆ ಆತ ಸೋದರ ಸೊಸೆಯ ಮದುವೆಗೆಂದು, ನಮ್ಮತ್ತೆ ನೇಯ್ದಿದ್ದ, ಅಂಚಿಗೆ ಕೆಂಪು ಗರಿಗಳಿರುವ ನುಣುಪು ಚಾಪೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟಿದ್ದ. ತಮ್ಮೂರಿನ ತಿರುವಿನಲ್ಲಿ ಮುಖ್ಯಸ್ಥ ತೋಲೆಯಾ ಅವರ ಗಂಡುಹಂದಿ ಅಡ್ಡ ಬಂತು. ಹಂದಿ ಪರಲೋಕಕ್ಕೆ ಹೋಯಿತು, ಕಾರು ಮೂತಿ ಮುಂದಾಗಿ ಸಮುದ್ರಕ್ಕೆ ಹೋಯಿತು, ನನ್ನ ಗಂಡ ಬಾಗಿಲು ಒದ್ದು, ಚಾಪೆ ಎಳೆದುಕೊಂಡು ಹೊರಗೆ ಬಂದ. ತೋಲೆಯಾ ಅವರು ಆ ಹಂದಿಯನ್ನು ಮಗನ ಹಾಗೆ ಸಾಕಿದ್ದರೆಂದು ಗೊತ್ತಿದ್ದ ಆತ, ನಾಚಿಕೆಯಿಂದ ನೇರ ಅವರ ಮನೆಯ ಮುಂದೆ ಹೋಗಿ, ಅದೇ ಚಾಪೆಯನ್ನು ತಲೆಯ ಮೇಲಿಂದ ಹೊದ್ದು ಮಂಡಿಯೂರಿ ಕೂತ. ನಮ್ಮಲ್ಲಿ ಕೊಲೆಯಂಥ ತಪ್ಪಿಗೆ ಕ್ಷಮೆ ಬೇಡಲು ಹಾಗೆ ಕೂರುತ್ತಾರೆಯೇ ಹೊರತು ಹಂದಿಗಾಗಿ ಯಾರೂ ಕೂರುವುದಿಲ್ಲ. ಆದರೆ ನನ್ನ ಗಂಡನದು ಮೊದಲಿನಿಂದಲೂ ಎಲ್ಲದರಲ್ಲೂ ಒಂದು ಕೈ ಹೆಚ್ಚು. ಚಾಪೆ ಹೊದ್ದವನು ಮಾತಾಡುವಂತಿಲ್ಲ, ಅವನು ಯಾರೆಂದು ಯಾರೂ ಕೇಳುವಂತಿಲ್ಲ, ನೊಂದ ಮನೆಯ ಯಜಮಾನ ಬಂದು ಎತ್ತುವ ತನಕ ಬೇರೆಯವರು ಚಾಪೆ ಮುಟ್ಟುವಂತಿಲ್ಲ ಎಂಬುದು ತಮಗೆ ಗೊತ್ತೇ ಇದೆ. ಆ ಯಜಮಾನರೋ, ಕಾರು ಬಿದ್ದ ಸದ್ದಿಗೆ ದಡಕ್ಕೆ ಓಡಿ, ಖಾಲಿ ಕಾರನ್ನು ಕಂಡು ಗಾಬರಿಯಾಗಿ, ದೋಣಿ ಹತ್ತಿ ನನ್ನ ಗಂಡನನ್ನೇ ಹುಡುಕುತ್ತಿದ್ದರು.

ಇಲ್ಲಿಂದ ತಮ್ಮ ದಕ್ಷತೆಯ ಕತೆ ಆರಂಭವಾಗುತ್ತದೆ. ಶೋಧಕಾರ್ಯಕ್ಕೆ ತಾವು ಆರಿಸಿಕೊಂಡ ಜಾಗವೇ ತೋಲೆಯಾ ಅವರ ಮನೆ. ನಾಲ್ಕೂ ಕಡೆ ಗೋಡೆಯಿಲ್ಲದ ಆ ಮನೆಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತು, ಕೆಸುವಿನ ಗೆಡ್ಡೆ ತಿನ್ನುತ್ತ, ಎದುರಿಗಿದ್ದ ಚಾಪೆಯ ಮೇಲಿಂದ ದುರ್ಬೀನು ಹಾಯಿಸಿ ತಾವು ಕಡಲನ್ನು ಪರಿಶೀಲಿಸಿದಿರಂತೆ. ತಮ್ಮ ನಾಯಿ, ದಡಕ್ಕೆ ಎಳೆದು ತಂದ ಕಾರಿನ ಸೀಟನ್ನು ಮೂಸಿ, ನೇರ ಚಾಪೆಯ ಬಳಿ ಬಂದು, ಬಾಲ ಅಲ್ಲಾಡಿಸುತ್ತ ಕೂತಾಗ, "ಅನ್ಯರ ಮಾನದ ವಿಷಯ ಕಣೋ, ಮೂಸಬಾರದು" ಎಂದು ಅದಕ್ಕೆ ನಾಗರಿಕತೆ ಕಲಿಸಿ ಎಳೆದೊಯ್ದಿರಂತೆ. ಆಮೇಲೆ, ಒದ್ದೆ ಬಟ್ಟೆಯಲ್ಲಿದ್ದ ಚಾಪೆ ದೊಡ್ಡದಾಗಿ ಸೀನಿತು. ತಾವು ಅದರ ಕಡೆಗೆ ತಿರುಗಿ, "ನೂರ್ಕಾಲ ಬದುಕಪ್ಪಾ" ಎಂದು ಹರಸಿ, ಆತ ಸತ್ತ ಸುದ್ದಿ ಹೇಳಲು ನನ್ನಲ್ಲಿಗೆ ಹೊರಟಿರಿ.

ಇದನ್ನೆಲ್ಲ ನನಗೆ ತಿಳಿಸಿದವರು ತೋಲೆಯಾ ಅವರ ಹೆಂಡತಿ ಪೆಪೆ ಅಜ್ಜಿ. ನೀವಾದರೂ ಬಾಯಿ ಬಿಡಬಾರದಿತ್ತೇ ಎಂದು ಕೇಳಿದೆ. "ಕಳೆದುಹೋದವನನ್ನ ನೋಡಿದ್ರಾ ಅಂತ ಕೇಳಿದ್ರು ಕಣೇ. ಇವನು ಎಲ್ಲಿ ಕಳೆದುಹೋಗಿದ್ದ? ಬೆಳಗಿಂದ ಇಲ್ಲೇ ಕೂತಿದ್ನಲ್ಲ!" ಎಂದರು.

ತಮ್ಮ ಜೀಪು ಅಷ್ಟೊಂದು ಅವಸರದಲ್ಲಿ ನನ್ನ ಅಂಗಳಕ್ಕೆ ನುಗ್ಗಿದಾಗಲೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಓಡಿಬಂದಿದ್ದೆ. "ಧೈರ್ಯ ತಗೋ ತಂಗೀ, ಸಮುದ್ರ ವಾಪಸ್ ಕೊಡಲ್ಲ" ಎಂದಿರಿ. ಆ ಬೆಳಿಗ್ಗೆ ನಾನು ಅವನ ಜೊತೆ ಜಗಳವಾಡಿ ಕಳಿಸಿದ್ದೆ, ಮಾನ್ಯರೇ. ತಮಾಷೆಯ ನಡುವೆ ಇದನ್ನು ಹೇಳಲೇಬೇಕು, ನಾನು ನೆಲಕ್ಕೆ ಕುಸಿದು ಅತ್ತೆ. ಪಾದ್ರಿಗಳು ಬಂದು ಸಾವಿನ ಹಾಡು ಆರಿಸತೊಡಗಿದರು, ನಾದಿನಿ ನನ್ನ ಬಿಳಿ ಬಟ್ಟೆಗೆ ಇಸ್ತ್ರಿ ಹಾಕಿದಳು. ಅಳುತ್ತಲೇ ನಾನು ಕಾರಿನಲ್ಲಿದ್ದ ಕೆಂಪು ಗರಿಯ ಚಾಪೆಯೂ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ, ತಾವು ಹುಬ್ಬು ಗಂಟಿಕ್ಕಿ, "ಅಂಥದ್ದೊಂದನ್ನ ಇವತ್ತೇ ಎಲ್ಲೋ ನೋಡಿದ ಹಾಗಿದೆ" ಎಂದು ಕೊಂಚ ಯೋಚಿಸಿ, ಚಾಪೆ ಕಳ್ಳತನದ ಬೇರೆ ಕೇಸು ದಾಖಲಿಸಿಕೊಂಡಿರಿ.

ಸಂಜೆ ಪ್ರಾರ್ಥನೆಯ ಹೊತ್ತಿಗೆ ತೋಲೆಯಾ ಅವರು ಸೋತು ಮನೆಗೆ ಬಂದು, ಅಂಗಳದಲ್ಲಿದ್ದುದನ್ನು ಕಂಡು, ಯಾವ ಪಾಪಿಯೋ ಇರಲಿ ಎಂದು ಕ್ಷಮಿಸಿ ಚಾಪೆ ಎತ್ತಿದರು. ಕೆಳಗಿದ್ದ ನನ್ನ ಗಂಡ, "ಹಂದಿ ಸತ್ತೇ ಹೋಯ್ತಾ, ದೊಡ್ಡಪ್ಪಾ?" ಎಂದು ಕೇಳಿದನಂತೆ. "ಹಂದಿ ಮನೆ ಹಾಳಾಗ್ಲಿ, ನೀನೇ ಸತ್ತೋಗಿದ್ದೀಯಲ್ಲೋ!" ಎಂದು ಅವರು ತಬ್ಬಿಕೊಂಡು ಅತ್ತರಂತೆ. ತಮ್ಮ ಅವಿರತ ಶೋಧ ಪತ್ತೆ ಮಾಡಿದ್ದು ಇದನ್ನೇ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆಗಳಿವೆ. ತಮ್ಮ ನಾಯಿಗೆ ಕೂಡಲೇ ಬಡ್ತಿ ಕೊಟ್ಟು, ಹಗ್ಗದ ಕೊರಳಿನ ಕಡೆಯ ತುದಿಯನ್ನು ತಾವು ವಹಿಸಿಕೊಳ್ಳಬೇಕು. ಮಾಡದ ತಪ್ಪನ್ನು ಹೊತ್ತ ಸಮುದ್ರದ ಕ್ಷಮೆಯನ್ನು ತಾವು ಲಿಖಿತವಾಗಿ ಕೇಳಿ, ಅದರಿಂದ ರಸೀದಿ ಪಡೆಯಬೇಕು. ಚಾಪೆ ಕಳ್ಳತನದ ಕೇಸಿನಲ್ಲಿ ಈಗ ನನ್ನ ಗಂಡನೇ ಆರೋಪಿಯೆಂದು ತಿಳಿಯಿತು. ಆತ ಸತ್ತವನೋ ಕಳ್ಳನೋ ಎಂದು ಯಾವುದಾದರೂ ಒಂದನ್ನು ತಾವು ತೀರ್ಮಾನಿಸಿದರೆ, ಯಾವುದಕ್ಕೆ ಅಳಬೇಕೆಂದು ನಾನೂ ತೀರ್ಮಾನಿಸುತ್ತೇನೆ.

ತಮ್ಮೆಲ್ಲ ಪ್ರಯತ್ನಗಳ ನಂತರವೂ ವಿಧವೆಯಾಗದೆ ಉಳಿದ,
ತಮ್ಮ ವಿಶ್ವಾಸಿ,
ಮಾತಾಲೇನಾ

ಮರೆತ ಮಾತು: ಸಾವಿನ ಸುದ್ದಿ ಮುಟ್ಟಿಸುವ ಆ ಅವಸರದಲ್ಲಿ ತಮ್ಮ ಜೀಪು ನಮ್ಮ ಗಬ್ಬದ ಹಂದಿಯ ಮೇಲೆ ಹತ್ತಿತ್ತು. ಅಂಗಳ ಗುಡಿಸಿಟ್ಟಿದ್ದೇನೆ, ತಾವು ದಯಮಾಡಿಸಬೇಕು. ಚಾಪೆ ಇಲ್ಲದಿದ್ದರೆ ನಮ್ಮದನ್ನೇ ಕೊಡುತ್ತೇನೆ. ಹಂದಿ ನನ್ನದಾದ್ದರಿಂದ ಚಾಪೆ ಎತ್ತಬೇಕಾದವಳೂ ನಾನೇ. ಆದರೆ ತಾವು ಬಂದು ಕೂತ ಹೊತ್ತಿಗೆ ನಾನು ಮನೆಯಲ್ಲಿ ಇರಲಾರೆ. ತಮ್ಮನ್ನು ಹುಡುಕಲು ಸಮುದ್ರದ ಕಡೆಗೆ ಹೋಗಿರುತ್ತೇನೆ.