ಮೂರನೇ ಕೋಣೆಯ ಕೂಗು

ಎಲ್ಲದಕ್ಕೂ ಕಾರಣ ಒಂದೇ ಒಂದು ನಕ್ಷತ್ರ. ಆಕಾಶದ್ದಲ್ಲ, ಫೋನಿನದು.

'ತುಕ್ಕುಮೊಳೆ' ಎಂದು ಹೆಸರಿಟ್ಟುಕೊಂಡ ಯಾರೋ ಒಬ್ಬ 'ಹಿತ್ತಾಳೆ ಮನೆ' ಎಂಬ ಗೇಮಿಗೆ ಒಂದು ನಕ್ಷತ್ರ ಕೊಟ್ಟು ಕೆಳಗೆ ಹೀಗೆ ಬರೆದಿದ್ದ: "ಮಂದ ದೀಪ, ಧೂಳು ಹಿಡಿದ ಕೋಣೆಗಳು, ಹಲ್ಲುಚಕ್ರ ತಿರುಗುವ ಸದ್ದು, ಎಲ್ಲ ಸೊಗಸು. ಒಬ್ಬನೇ ಕೂತು ಆಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಮೂರನೇ ಕೋಣೆಯಲ್ಲಿ ಹಿತ್ತಾಳೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ದೂರದಲ್ಲಿ ಯಾವುದೋ ಹೆಂಗಸು ಗೊಣಗಿದ ಹಾಗೆ ಕೇಳಿಸುತ್ತದೆ. ಅಷ್ಟು ಹೊತ್ತು ಕಟ್ಟಿದ ವಾತಾವರಣವೆಲ್ಲ ನೀರುಪಾಲು. ತೆಗೆದುಹಾಕಿ."

ಅದರ ಕೆಳಗೆ ಗೇಮ್ ಮಾಡಿದವರ ಉತ್ತರ: "ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ. ಅದು ರೆಕಾರ್ಡಿಂಗಿನಲ್ಲಿ ಆದ ತಪ್ಪು. ಇಂದು ಸಂಜೆಯ ಅಪ್‌ಡೇಟಿನಲ್ಲಿ ಆ ದನಿ ಇರುವುದಿಲ್ಲ."

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಸ್ಟೂಲಿನ ಮೇಲೆ ಕೂತು ಇದನ್ನು ಓದಿದ ಬೀಗದ ಮಾವನಿಗೆ ಕೈಕಾಲೇ ಆಡಲಿಲ್ಲ. ಕೀಲಿ ಕಳೆದುಹೋದ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಂದ ಗಿರಾಕಿ ಎರಡು ಸಲ ಕೆಮ್ಮಿ, ಮೂರನೇ ಸಲ ಟ್ರಂಕನ್ನು ಅಲ್ಲೇ ಇಳಿಸಿ ಹೊರಟುಹೋದ.

ಬೀಗದ ಮಾವ ಎಂದರೆ ಆ ಬೀದಿಯಲ್ಲಿ ಬೀಗ ರಿಪೇರಿ ಮಾಡುವ ಐವತ್ತೆಂಟರ ಮನುಷ್ಯ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಮನೆ. ಮೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಮೈಕು ಹಿಡಿದು ಬಂದು, ಯಾವುದೋ ಗೇಮಿಗೆ ಬೇಕು ಎಂದು ಅವರ ಹಳೆಯ ಬೀಗ, ಪೆಟ್ಟಿಗೆ, ಅಗುಳಿಗಳ ಸದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಹೋಗಿದ್ದಳು. ಊಟದ ಹೊತ್ತು ಮೀರಿತ್ತು. ಹಿತ್ತಾಳೆ ಪೆಟ್ಟಿಗೆಯ ಮುಚ್ಚಳ ತೆಗೆಯುವುದಕ್ಕೂ ಒಳಗಿನಿಂದ ಮಾವನ ಹೆಂಡತಿ ಕೂಗುವುದಕ್ಕೂ ಸರಿಹೋಯಿತು:

"ಏನೂಂದ್ರೆ, ಊಟ ಆರ್ತಾ ಇದೆ. ಬರ್ತೀರೋ, ಬೀಗಾನೇ ತಿಂತೀರೋ?"

ಅದಾದ ಒಂದೂವರೆ ವರ್ಷಕ್ಕೆ ಆಕೆ ತೀರಿಕೊಂಡರು. ಈ ವರ್ಷ ಗೇಮು ಹೊರಬಂತು. ಆ ಹೆಣ್ಣುಮಗಳು ಮರೆಯದೆ ಮಾವನ ಫೋನಿಗೊಂದು ಕಳಿಸಿದಳು. ಮಾವ ಎರಡು ವಾರ ತಿಣುಕಿ ಮೂರನೇ ಕೋಣೆಗೆ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಹೆಂಡತಿ ಕೂಗಿದರು.

ನಾಲ್ಕನೇ ಕೋಣೆಯ ಕೀಲಿ ಆ ಪೆಟ್ಟಿಗೆಯಲ್ಲೇ ಇತ್ತು. ಮಾವ ಅದನ್ನು ಮುಟ್ಟಲಿಲ್ಲ. ಗೇಮು ಆಡಿದವರೆಲ್ಲ ನಾಲ್ಕನೇ ಕೋಣೆಯನ್ನು ಹೊಗಳಿ ಹೊಗಳಿ ಬರೆಯುತ್ತಿದ್ದರು. ಇರಬಹುದು ಎಂದುಕೊಂಡು ಮಾವ ಮೂರರಲ್ಲೇ ನಿಂತರು. ದಿನಾ ಊಟದ ಹೊತ್ತಿಗೆ ಮುಚ್ಚಳ ತೆಗೆಯುವುದು, ಆಕೆ ಕೂಗುವುದು, ಇವರು "ಬಂದೆ, ಬಂದೆ" ಎಂದು ಕೂತಲ್ಲೇ ಕೂರುವುದು. ಮುಚ್ಚಿ ಮತ್ತೆ ತೆಗೆಯುವುದು. ಆಕೆ ಬದುಕಿದ್ದಾಗಲೂ ಮೂರು ಸಲ ಕೂಗಿಸಿಕೊಳ್ಳದೆ ಈ ಮಹಾಶಯರು ಎದ್ದ ದಾಖಲೆಯಿರಲಿಲ್ಲ. ಈಗಲೂ ಮೂರನೇ ಕೂಗಿಗೇ ಎದ್ದು ಹೋಗಿ ತಾವೇ ಬೇಯಿಸಿಟ್ಟದ್ದನ್ನು ಉಣ್ಣುತ್ತಿದ್ದರು. ಆ ಕೂಗಿಲ್ಲದೆ ಒಂದು ತುತ್ತೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ದನಿಯನ್ನು ಬೇರೆ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸ. ಬೀದಿಯಲ್ಲಿ ಯಾರಿಗೆ ವಿಷಯ ಹೇಳಿದ್ದರೂ ಮಾಡಿಕೊಡುತ್ತಿದ್ದರು. ಆದರೆ ಇಷ್ಟು ವಯಸ್ಸಿನ ಗಂಡಸು ಗೇಮಿನೊಳಗಿನ ಹೆಂಡತಿಗೆ ದಿನಾ "ಬಂದೆ" ಎನ್ನುತ್ತಾನೆ ಎಂದು ಯಾವ ಬಾಯಿಂದ ಹೇಳುವುದು? ಮಾವ ಹೇಳಲಿಲ್ಲ. ಮೈಕಿನ ಹೆಣ್ಣುಮಗಳಿಗೆ ಫೋನ್ ಮಾಡಿದರೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಕೊನೆಗೆ ತಾವೇ ಒಂದು ಅಭಿಪ್ರಾಯ ಬರೆಯಲು ಕೂತರು.

"ಆಟ ಚೆನ್ನಾಗಿದೆ. ಆ ಹೆಂಗಸಿನ ದನಿ ಇನ್ನೂ ಚೆನ್ನಾಗಿದೆ. ದಯವಿಟ್ಟು ತೆಗೆಯಬೇಡಿ" ಎಂದು ಒಂದೇ ಬೆರಳಲ್ಲಿ ಕುಟ್ಟಿದರು. ಎಷ್ಟು ನಕ್ಷತ್ರ ಎಂದು ಫೋನು ಕೇಳಿತು. ಮಾವನ ಅಂಗಡಿಯಲ್ಲಿ ಒಂದನೇ ನಂಬರಿನ ಬೀಗವೆಂದರೆ ಎಲ್ಲಕ್ಕಿಂತ ಗಟ್ಟಿಯಾದದ್ದು, ಐದನೇ ನಂಬರಿನದು ಮಕ್ಕಳ ಡಬ್ಬಿಗೆ ಹಾಕುವಂಥದು. ಹಾಗಾಗಿ ಧೈರ್ಯವಾಗಿ ಒಂದನ್ನು ಒತ್ತಿದರು.

ಐದು ನಿಮಿಷಕ್ಕೆ ಉತ್ತರ ಬಂತು: "ನಿಮ್ಮ ಅಸಮಾಧಾನಕ್ಕೆ ವಿಷಾದಿಸುತ್ತೇವೆ. ಆ ದನಿಯನ್ನು ಇನ್ನೂ ಬೇಗ ತೆಗೆಯಲು ಶ್ರಮಿಸುತ್ತಿದ್ದೇವೆ."

"ಅಯ್ಯೋ ಶಿವನೇ!" ಎಂದು ಮಾವ ಕೂಗಿದ್ದು ಎದುರಿನ ದರ್ಜಿಗೆ ಕೇಳಿಸಿತು. ಬೇರೆಯವರ ವಿಷಯ ಎಂದರೆ ಅವನು ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಬರುವ ಆಸಾಮಿ. ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದ.

"ಏನಾಯ್ತು ಮಾವ? ಕೈ ಕುಯ್ಕೊಂಡ್ರಾ?"

"ಏನಿಲ್ಲಪ್ಪ. ನನ್ನ ಬೀಗದ ಸದ್ದು ಈ ಗೇಮಲ್ಲಿದೆ. ಅದರ ಜೊತೆ ಒಂದು ದನಿ ಇದೆ. ಅದನ್ನ ತೆಗೀತಾರಂತೆ. ತೆಗೆದ್ರೆ ಬೀಗದ ಸದ್ದು ಚೆನ್ನಾಗಿರಲ್ಲ ನೋಡು, ಅದಕ್ಕೆ..."

"ನಮ್ಮ ಬೀದಿ ಬೀಗ ಗೇಮಲ್ಲಿದ್ಯಾ! ಮೊದಲೇ ಹೇಳೋದಲ್ವಾ! ಕೊಡಿ ಇಲ್ಲಿ ಫೋನು." ಪರದೆ ನೋಡಿ ಹಣೆ ಚಚ್ಚಿಕೊಂಡ. "ಒಂದು ನಕ್ಷತ್ರ ಅಂದ್ರೆ ಉಗಿದ ಹಾಗೆ ಮಾವ. ಇನ್ಮೇಲೆ ನೀವು ಇದನ್ನ ಮುಟ್ಬೇಡಿ. ನಾನಿದ್ದೀನಿ."

ಫೋನು ದರ್ಜಿಯ ಜೇಬು ಸೇರಿತು. ಅವನು ಟೊಂಕ ಕಟ್ಟಿ ನಿಂತ. ಅಳತೆ ಕೊಡಲು ಬಂದವರೆಲ್ಲ ಮೊದಲು ಐದು ನಕ್ಷತ್ರ ಒತ್ತಿ, ಹೆಂಗಸಿನ ದನಿ ಬೇಕೇ ಬೇಕು ಎಂದು ತಮ್ಮ ತಮ್ಮ ಫೋನಿನಲ್ಲಿ ಬರೆಯಬೇಕು. ಆಮೇಲೆ ಟೇಪು. ಗೇಮನ್ನು ಕಣ್ಣಲ್ಲೂ ಕಾಣದವರು ಅದರ ಕತ್ತಲೆ, ಧೂಳು, ಗಂಭೀರ ಮೌನವನ್ನು ಬಾಯ್ತುಂಬ ಹೊಗಳಿದರು. ಒಬ್ಬ ದಪ್ಪನೆಯ ಗುಮಾಸ್ತ, ಸೊಂಟದ ಅಳತೆ ಗಟ್ಟಿಯಾಗಿ ಹೇಳುವುದಿಲ್ಲ ಎಂದು ದರ್ಜಿ ಮಾತು ಕೊಟ್ಟಮೇಲೆ ಎರಡು ಅಭಿಪ್ರಾಯ ಬರೆದ.

ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ತಾನೇನು ಕಡಿಮೆ ಎಂದು ಬಂದಳು. "ಗೇಮು ಚೆನ್ನಾಗಿದೆ. ಹೆಂಗಸು ಕೂಗೋದು ಭಾಳ ಚೆನ್ನಾಗಿದೆ. ಮನೇಲಿ ಹೆಂಗಸು ಕೂಗಿದ್ರೇನೇ ಮನೆ. ಇಸ್ತ್ರಿ ಬಟ್ಟೆ ಸಂಜೆ ಆರರೊಳಗೆ ತಗೊಂಡ್ಹೋಗಿ" ಎಂದು ಅವಳು ಹೇಳಿದ್ದನ್ನು ದರ್ಜಿ ಒಂದಕ್ಷರ ಬಿಡದೆ ಬರೆದ.

ಆಗ ಬಂದವರು ನಿವೃತ್ತ ಮೇಷ್ಟ್ರು. ಕೈಗೆ ಸಿಕ್ಕ ಪೊಟ್ಟಣದ ಕಾಗದವನ್ನೂ ತಿದ್ದದೆ ಬಿಡದವರು. ಅವರ ಅಭಿಪ್ರಾಯ ಮೂರು ಪುಟವಾಯಿತು. ಆ ದನಿ ಮನುಷ್ಯನನ್ನು ಯಂತ್ರದಿಂದ ಬಿಡಿಸಿ ಮನೆಗೆ ಕರೆಯುವ ಕರೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದರು. ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತಿದ್ದ ಮಾವನ ಕಣ್ಣು ತುಂಬಿತು. ದನಿಯನ್ನು ಕೇಳದಿದ್ದರೂ, ತುಕ್ಕುಮೊಳೆ 'ಗೊಣಗಿದ ಹಾಗೆ' ಎಂದದ್ದನ್ನೇ ನೆಚ್ಚಿ ಮೇಷ್ಟ್ರು ಕೊನೆಯಲ್ಲಿ ಇಷ್ಟು ಸೇರಿಸಿದರು: "ಆದರೆ ದನಿ ತುಂಬ ಅಸ್ಪಷ್ಟ. ಶುದ್ಧ ಉಚ್ಚಾರಣೆಯಲ್ಲಿ, ತಿಳಿಯಾಗಿ ಕೇಳಿಸಿದ್ದರೆ ಇನ್ನೂ ಶೋಭಿಸುತ್ತಿತ್ತು."

"ಒಳ್ಳೇ ಪಾಯಿಂಟು ಸಾರ್!" ಎಂದ ದರ್ಜಿ, ಆಮೇಲೆ ಬರೆದವರೆಲ್ಲರ ಕೈಯಲ್ಲೂ ಆ ಸಾಲನ್ನು ಬರೆಸಿದ.

ಊಟದ ಹೊತ್ತಾಯಿತು. ಮಾವ ಅಂಗಡಿಯ ಮೆಟ್ಟಿಲಿಳಿದು ಎದುರಿಗೆ ಹೋದರು. "ಫೋನು ಒಂದೈದು ನಿಮಿಷ ಕೊಡ್ತೀಯೇನಪ್ಪ?"

"ಈಗ ಬೇಡ ಮಾವ! ತುಕ್ಕುಮೊಳೆ ತಿರುಗಿಬಿದ್ದಿದ್ದಾನೆ. ನಮ್ಮನ್ನೆಲ್ಲ ಬಾಡಿಗೆ ಭಕ್ತರು ಅಂದ. ಅಕ್ಕ ಬಿಡ್ತಾಳಾ, ಅವನ ಜನ್ಮ ಜಾಲಾಡಿಸ್ತಿದ್ದಾಳೆ. ನೀವು ಹೋಗಿ ಊಟ ಮಾಡಿ, ಪಾಪ."

ಮಾವ ವಾಪಸು ಬಂದು ಊಟದ ತಟ್ಟೆಯ ಮುಂದೆ ಕೂತರು. ಯಾರೂ ಕೂಗಲಿಲ್ಲ. ತಟ್ಟೆಯನ್ನು ಹಾಗೇ ಮುಚ್ಚಿಟ್ಟರು. ಇವತ್ತೊಂದು ದಿನ ತಾನೇ, ಸಂಜೆಗೆಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಬೆಳಗಿನ ಟ್ರಂಕಿಗೆ ತಂತಿ ಹಾಕಿ ಕೂತರು. ಯಾವ ಬೀಗವನ್ನಾದರೂ ಕಿವಿಗೊಟ್ಟು ಕೇಳಿ ತೆಗೆಯುವ ಮನುಷ್ಯನಿಗೆ ಆ ದಿನ ಟ್ರಂಕಿನ ಬೀಗ ಏನೂ ಹೇಳಲಿಲ್ಲ.

ನಾಲ್ಕು ಗಂಟೆಗೆ ದರ್ಜಿ ಬೀದಿಗೇ ಕೇಳುವ ಹಾಗೆ ಓದಿದ. ತುಕ್ಕುಮೊಳೆ ಬರೆದಿದ್ದ: "ಆ ಬಜಾರಿ ಅಕ್ಕನ ಕಾಟ ತಾಳಲಾರದೆ ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿದೆ. ಊಟಕ್ಕೆ ಕರೆಯುತ್ತಿದ್ದಾರೆ. ನಾನು ಮನೆ ಬಿಟ್ಟು ಬಂದು ಆರು ವರ್ಷವಾಯಿತು, ನನ್ನನ್ನು ಹಾಗೆ ಬೈದು ಊಟಕ್ಕೆ ಕರೆಯುವವರು ಯಾರೂ ಇಲ್ಲ. ನನ್ನದು ತಪ್ಪಾಯಿತು. ದನಿ ಹಾಗೇ ಇರಲಿ." ಜೊತೆಗೆ ಐದು ನಕ್ಷತ್ರ.

ಮಾವ ಟ್ರಂಕಿಗೆ ಒರಗಿ ಮುಖ ಆ ಕಡೆ ತಿರುಗಿಸಿಕೊಂಡರು. ಕಂಡು ಕೇಳರಿಯದ ಆ ತುಕ್ಕುಮೊಳೆಯನ್ನು ಕರೆದು ಎದುರು ಕೂರಿಸಿಕೊಂಡು ಊಟ ಹಾಕಬೇಕು ಎನ್ನಿಸಿತು.

ಆರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಗೇಮಿನವರ ಪ್ರಕಟಣೆ ಬಂತು: "ನಿಮ್ಮೆಲ್ಲರ ಪ್ರೀತಿಗೆ ಮಣಿದಿದ್ದೇವೆ. ಮೂರನೇ ಕೋಣೆಯ ಕೂಗನ್ನು ತೆಗೆಯುವುದಿಲ್ಲ!"

ಬೀದಿಯೇ ಚಪ್ಪಾಳೆ ತಟ್ಟಿತು. ಅಕ್ಕ ಎಲ್ಲರಿಗೂ ಚಹಾ ತಂದಳು. ಮೇಷ್ಟ್ರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಮಾವ ಕೈ ಮುಗಿದರು. ಆಮೇಲೆ ಅದೇ ಕೈ ಚಾಚಿದರು.

"ಫೋನು."

"ತಗೊಳ್ಳಿ ಮಾವ. ಹೊಸ ಅಪ್‌ಡೇಟು ಬಂದಿತ್ತು, ನಿಮಗೆ ಗೊತ್ತಾಗಲ್ಲ ಅಂತ ನಾನೇ ಹಾಕಿಟ್ಟಿದ್ದೀನಿ. ತೆಗೀರಿ, ಎಲ್ರೂ ಕೇಳೋಣ."

ಮಾವ ಮೂರನೇ ಕೋಣೆಗೆ ಹೋದರು. ಮುಚ್ಚಳ ತೆಗೆದರು.

"ಬನ್ನಿ... ಊಟ ತಣ್ಣಗಾಗುತ್ತಿದೆ. ಬರುವಿರಾ, ಅಥವಾ ಬೀಗವನ್ನೇ ತಿನ್ನುವಿರಾ?"

ಜೇನಿನಂಥ ದನಿ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿತ್ತು. ಹಿಂದೆ ಸಣ್ಣಗೆ ಪಿಟೀಲು. ಪ್ರಕಟಣೆಯ ಉಳಿದ ಭಾಗವನ್ನು ದರ್ಜಿ ಹೆಮ್ಮೆಯಿಂದ ಓದಿದ: "ದನಿ ಅಸ್ಪಷ್ಟವಾಗಿದೆ ಎಂಬ ನೂರಾರು ಆಟಗಾರರ ಕೋರಿಕೆಯಂತೆ, ಹಳೆಯದನ್ನು ಅಳಿಸಿ, ನುರಿತ ಕಲಾವಿದೆಯಿಂದ ಹೊಸದಾಗಿ ಹೇಳಿಸಿದ್ದೇವೆ."

"ನೋಡಿದಿರಾ ಉಚ್ಚಾರಣೆ!" ಎಂದರು ಮೇಷ್ಟ್ರು.

ಅಕ್ಕ ಮಾತ್ರ ಚಹಾದ ಲೋಟ ಹಿಡಿದು ಹಾಗೇ ನಿಂತಳು. ಬೀಗ ತಿನ್ನುವ ಮಾತು ಅವಳಿಗೆ ಗೋಡೆಯಾಚೆಯಿಂದ ಇಪ್ಪತ್ತು ವರ್ಷ ಕೇಳಿ ಗೊತ್ತಿತ್ತು. ಮೆಲ್ಲಗೆ ಕೇಳಿದಳು: "ಮಾವ, ಮೊದಲಿದ್ದಿದ್ದು ಯಾರ ದನಿ?"

"ಯಾರದೋಮ್ಮ" ಎಂದರು ಮಾವ.

ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಮಾವ ಮುಚ್ಚಳ ಮುಚ್ಚಿ ಇನ್ನೊಮ್ಮೆ ತೆಗೆದು ನೋಡಿದರು. ಅದೇ ಜೇನು ದನಿ ಊಟಕ್ಕೆ ಕರೆಯಿತು. "ಬಂದೆ, ಬಂದೆ" ಎನ್ನಲು ಬಾಯಿ ತೆರೆದವರು ಹಾಗೇ ಸುಮ್ಮನಾದರು. ಫೋನು ಕೆಳಗಿಟ್ಟು, ಅಂಗಿಯ ಗುಂಡಿ ಸರಿಮಾಡಿಕೊಂಡು, ಒಂದೇ ಕೂಗಿಗೆ ಎದ್ದು ಒಳಗೆ ಹೋದರು. ಗೊತ್ತಿಲ್ಲದ ಹೆಂಗಸನ್ನು ಮೂರು ಸಲ ಕೂಗಿಸುವಷ್ಟು ಸಲುಗೆ ಅವರಿಗಿರಲಿಲ್ಲ.