ಅಕ್ಕನ ಮುಖಕ್ಕಾಗಿ ಒಂದು ಅಗ್ಗದ ಫೋನು

ಬೇರೆಯವರು ಅಂಗಡಿಗೆ ಹೋದರೆ ಸಾಮಾನು ತರುತ್ತಾರೆ, ನಾನು ಹೋದರೆ ಒಂದು ಪ್ರಸಂಗ ತರುತ್ತೇನೆ. ಕೊಳ್ಳೇಗಾಲದಿಂದ ಯಳಂದೂರಿನ ಕಚೇರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಗುಮಾಸ್ತ ನಾನು. ಕಿಟಕಿ ಪಕ್ಕ ಜಾಗ ಸಿಕ್ಕಿ, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ಮಂಜಿನೊಳಗಿಂದ ನೀಲಿಯಾಗಿ ಮೂಡಿತೋ, ಇಳಿಯಬೇಕಾದ ಊರೇ ಮರೆತುಹೋಗುತ್ತದೆ. ಇಂಥವನು ಒಂದು ಅಗ್ಗದ ಸ್ಮಾರ್ಟ್‌ಫೋನ್ ಕೊಳ್ಳುವುದೋ ಬೇಡವೋ ಎಂದು ಮೀನಮೇಷ ಎಣಿಸಿದರೆ ಏನಾಗಬೇಕೋ ಅದೇ ಆಯಿತು.

ಫೋನು ಬೇಕಾಗಿದ್ದದ್ದು ನನಗಲ್ಲ, ಅವ್ವನಿಗೆ. ಸ್ಮಾರ್ಟ್‌ಫೋನ್ ಇದ್ದರೆ ಕಚೇರಿ ಕೆಲಸ ಮನೆಯವರೆಗೂ ಹಿಂದೆ ಬರುತ್ತದೆ ಎಂದು ನಾನು ಬಟನ್ ಫೋನಿನಲ್ಲೇ ಸುಖವಾಗಿದ್ದೆ. ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಇರುವುದು ರಾಮಾಪುರದ ಆಚೆ ಕಾಡಂಚಿನ ಊರಲ್ಲಿ. ಅವ್ವನಿಗೆ ಮಂಡಿನೋವು. ದೊಡ್ಡವ್ವನಿಗೆ ಬಸ್ಸು ಹತ್ತಿದರೆ ತಲೆಸುತ್ತು. ಒಬ್ಬರ ಮುಖ ಒಬ್ಬರು ನೋಡಿ ಐದು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಅವ್ವ ಜಗಲಿಯ ಮೇಲೆ ಕೂತು, ಕೈಯಲ್ಲಿದ್ದ ಕಾಫಿ ಆರಿಹೋದದ್ದೂ ತಿಳಿಯದೆ, "ಕನಸಲ್ಲಿ ಅಕ್ಕ ಬಂದಿದ್ಳು ಕಣಪ್ಪ. ಸೀರೆ ಕಾಣ್ತು, ಕೈ ಕಾಣ್ತು, ಮುಖವೇ ಕಾಣ್ನಿಲ್ಲ. ಮರ್ತೋಯ್ತಾ ಅದೇನೋ" ಎಂದಳು. ದೊಡ್ಡವ್ವನ ಸೊಸೆಯ ಹತ್ತಿರ ವೀಡಿಯೊ ಕಾಲ್ ಮಾಡುವಂಥ ಫೋನಿತ್ತು. ಇಲ್ಲದ್ದು ನಮ್ಮ ಹತ್ತಿರ ಮಾತ್ರ.

ಸೀರೆ ಅಂಗಡಿಯ ನ್ಯಾಯ

ಭಾನುವಾರ ಬಸ್ ಸ್ಟ್ಯಾಂಡ್ ಕಡೆಯ ಒಂದು ಮೊಬೈಲ್ ಅಂಗಡಿಗೆ ಹೋದೆ. ಇರುವುದರಲ್ಲೆಲ್ಲ ಅಗ್ಗದ್ದು ತೋರಿಸಿ ಎಂದೆ. ಅಂಗಡಿಯವನು ಒಂದು ನೀಲಿ ಫೋನನ್ನು ಬಟ್ಟೆಯಲ್ಲಿ ಒರೆಸಿ, ಹೆಣ್ಣು ತೋರಿಸುವ ಅಪ್ಪನ ಹಾಗೆ ಮುಂದಿಟ್ಟ.

"ಸಾ, ಇದ್ರ ಗುಣ ಏಳ್ತೀನಿ ಕೇಳಿ. ದೊಡ್ಡ ಸ್ಕ್ರೀನು, ದೊಡ್ಡ ಬ್ಯಾಟ್ರಿ, ಕ್ಯಾಮ್ರಾ ಅಂತೂ ಇರುವೆ ಮೀಸೆ ಎಣಿಸ್ಬೋದು. ಕಣ್ ಮುಚ್ಕಂಡ್ ತಕಳಿ."

ನಾನು ನಿಜಕ್ಕೂ ಕಣ್ಣು ಮುಚ್ಚಿದೆ. ಅವ್ವ ಜಗಲಿಯಲ್ಲಿ ಫೋನು ಹಿಡಿದು ನಗುತ್ತಿರುವುದು, ಅದರೊಳಗೆ ದೊಡ್ಡವ್ವನೂ ನಗುತ್ತಿರುವುದು ಕಂಡಿತು. ಅಷ್ಟರಲ್ಲಿ ಎಲ್ಲೋ ಕರಕರ ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ ಅಂಗಡಿಯವನು ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನು ತೆಗೆದು "ಅಲೋ" ಎನ್ನುತ್ತಿದ್ದ.

ಮಾತು ಮುಗಿಯಲಿ ಎಂದು ಕಾದು ಕೇಳಿದೆ: "ಇದು ಅಷ್ಟು ಒಳ್ಳೇದಾದರೆ ನೀವ್ಯಾಕೆ ಇಟ್ಟುಕೊಂಡಿಲ್ಲ?"

ಅವನು ಒಂದಿಷ್ಟೂ ಅಳುಕಲಿಲ್ಲ. "ಸಾ, ಇದು ಕೊಳ್ಳೇಗಾಲ. ಇಲ್ಲಿ ರೇಷ್ಮೆ ಸೀರೆ ಮಾರೋನು ಸೀರೆ ಉಟ್ಕಂಡ್ ಕೂತಿರೋದ ನೋಡಿದ್ದೀರಾ?"

ಎತ್ತಿನ ದಲ್ಲಾಳಿಯ ಸಲಹೆ

ಮಾರನೆಯ ದಿನ ಬಸ್ಸಿನಲ್ಲಿ ಬೆಟ್ಟ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದೆ. ಯೋಚನೆ ಬಾಯಿಂದಲೂ ಬರುತ್ತಿತ್ತು ಅಂತ ಕಾಣುತ್ತದೆ. ಪಕ್ಕದಲ್ಲಿ ಕೂತಿದ್ದ ಹಸಿರು ಟವೆಲ್ಲಿನ ಹಿರಿಯರು, "ಯಾವ ತಳಿ ಎತ್ತು ಸಾ?" ಎಂದರು. ಅವರು ಹನೂರು ಕಡೆಯ ಎತ್ತಿನ ದಲ್ಲಾಳಿ. ಎತ್ತಲ್ಲ, ಫೋನು ಎಂದೆ.

"ಯಾವ್ದಾದ್ರೇನು, ಯಾಪಾರ ಒಂದೇಯ. ಬಾಯಿ ಬಿಡ್ಸಿ ನೋಡಿದ್ರಾ?"

"ಫೋನಿಗೆ ಬಾಯೆಲ್ಲಿ?"

"ಅದ್ಕಲ್ಲ, ಮಾರೋನ್ಗೆ. ಎತ್ತಾದ್ರೆ ಹಲ್ಲು ನೋಡ್ತೀವಿ. ಹಲ್ಲಿಲ್ಲದ್ದ ತಕಳೋವಾಗ ಮಾರೋನ್ ಬಾಯೇ ನೋಡ್ಬೇಕು." ಆಮೇಲೆ ದನಿ ತಗ್ಗಿಸಿ, ಮಂತ್ರ ಹೇಳಿಕೊಡುವವರ ಹಾಗೆ, "ಒಂದಿನ ಹೂಡಿ ನೋಡ್ದೆ ಕಾಸು ಬಿಚ್ಚಬ್ಯಾಡಿ. ನಾವು ಎತ್ತ ಮನೆಗ್ ಹೊಡ್ಕಂಡೋಗಿ ನೇಗ್ಲು ಕಟ್ಟಿ ನೋಡ್ತೀವಿ. ನಡೆದ್ರೆ ಯಾಪಾರ, ಮಲಗುದ್ರೆ ವಾಪಸ್ಸು" ಎಂದರು.

ಎಂಥ ಮಾತು! ಅದರ ಗುಂಗಿನಲ್ಲೇ ಇದ್ದವನು ಯಳಂದೂರು ದಾಟಿ ಎರಡು ಸ್ಟಾಪ್ ಮುಂದೆ ಇಳಿದು ನಡೆದು ಬಂದೆ. ಸಂಜೆ ಮತ್ತೆ ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ: "ಒಂದು ದಿನ ಹೂಡಿ ನೋಡಬೇಕು."

ಅಂಗಡಿಯವನು ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದ. ಪರಿಚಯದ ಮುಖ, ಸರ್ಕಾರಿ ನೌಕರ, ಓಡಿಹೋಗುವಷ್ಟು ಚುರುಕೂ ಇಲ್ಲ. ನನ್ನ ಸಿಮ್ಮನ್ನೇ ಅದಕ್ಕೆ ಹಾಕಿ, ವೀಡಿಯೊ ಕಾಲ್ ಮಾಡುವ ಬಗೆ ತೋರಿಸಿಕೊಟ್ಟ.

"ನಾಳೆ ಅಂಗ್ಡಿ ಬಾಗ್ಲು ತೆಗೆಯೋ ಒತ್ಗೆ ಫೋನಾದ್ರೂ ಬರ್ಬೇಕು, ಕಾಸಾದ್ರೂ ಬರ್ಬೇಕು. ಆದ್ರೆ ಸಾ, ಜೋರಾಗ್ ಉಳಬ್ಯಾಡಿ, ಗ್ಲಾಸು ಗೀಚ್ಕತದೆ."

ಅಮ್ಮನ ಹೂವು

ಫೋನು ಹೊಸ್ತಿಲು ದಾಟುವ ಮೊದಲೇ ಅವ್ವ ತಡೆದಳು. "ಅಮ್ಮನ್ನ ಒಂದ್ ಮಾತು ಕೇಳ್ದೆ ಒಳಿಕ್ ತರೋದಾ?"

ನಮ್ಮ ಬೀದಿಯಲ್ಲಿ ಮದುವೆಯಿಂದ ಬೋರ್‌ವೆಲ್ಲಿನವರೆಗೆ ಎಲ್ಲಕ್ಕೂ ಮಾರಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ಮೂರ್ತಿಗೆ ಹೂ ಮುಡಿಸಿ ಬೇಡಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಅವ್ವ ಫೋನಿಗೆ ಕುಂಕುಮ ಇಟ್ಟು ಅಮ್ಮನ ಪಾದದ ಹತ್ತಿರ ಒರಗಿಸಿದಳು. ಕರ್ಪೂರದ ವಾಸನೆ, ಅಲ್ಲಾಡದ ದೀಪ, ಕನಕಾಂಬರದ ಕೆಂಪು. ಕಾಲ ನಿಂತುಹೋದ ಹಾಗಿತ್ತು. ನನಗೆ ಅಲ್ಲೇ ಕಂಬಕ್ಕೊರಗಿ ಒಂದು ಸಣ್ಣ ನಿದ್ದೆ ಬಂದು ಹೋಯಿತು. "ಕೊಟ್ಳು! ಬಲಕ್ ಕೊಟ್ಳು!" ಎಂಬ ಅವ್ವನ ಕೂಗಿಗೆ ಎಚ್ಚರವಾಯಿತು.

ಅವ್ವ ಪ್ರದಕ್ಷಿಣೆಗೆ ಹೋದ ಮೇಲೆ ಪೂಜಾರಿ ನನ್ನ ಹತ್ತಿರ ಬಂದ. "ಸಾ, ಅಮ್ಮ ಕೊಟ್ಟವ್ಳೆ, ಇಲ್ಲ ಅನ್ನಲ್ಲ. ಆದ್ರೂ ಬ್ಯಾಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕಣ್ಣಾರೆ ಕಂಡೆ. "ಯಾಕೆ?" ಎಂದೆ.

"ನಾನೂ ಇದ್ನೇ ತಕಂಡಿವ್ನಿ. ಮದ್ಯಾನಕ್ಕೆಲ್ಲ ಚಾರ್ಜು ಖಾಲಿ."

"ನೀವೂ ಹೂ ಕೇಳಿದ್ರಾ?"

"ಕೇಳ್ದೆ ಇರ್ತೀನಾ ಸಾ? ಆವತ್ತೂ ಬಲಕ್ಕೇ ಕೊಟ್ಳು." ಆಮೇಲೆ ಗರ್ಭಗುಡಿಯ ಕಡೆ ಒಮ್ಮೆ ನೋಡಿ, ಕಿವಿಯ ಹತ್ತಿರ ಬಾಗಿ, "ಮಳೆ ಬೆಳೆ, ಕಾಯಿಲೆ ಕಸಾಲೆಗೆ ಅಮ್ಮನ ಮಾತು ಸುಳ್ಳಾಗಲ್ಲ. ಫೋನ್ ವಿಚಾರ್ದಲ್ಲಿ ವಸಿ ಅನುಬವ ಕಮ್ಮಿ" ಎಂದ.

ಅಕ್ಕ ಕಂಡಳು

ಇನ್ನು ಉಳಿದದ್ದು ಹೂಡಿ ನೋಡುವುದು. ಆ ಸಂಜೆಯೇ ಅವ್ವನನ್ನು ಜಗಲಿಯಲ್ಲಿ ಕೂರಿಸಿ ದೊಡ್ಡವ್ವನ ಸೊಸೆಗೆ ವೀಡಿಯೊ ಕಾಲ್ ಮಾಡಿದೆ. ಅವ್ವ ತಲೆ ಬಾಚಿ, ಹೂ ಮುಡಿದು, ಒಳ್ಳೆ ಸೀರೆ ಉಟ್ಟಿದ್ದಳು. ಸ್ಕ್ರೀನಿನಲ್ಲಿ ಮೊದಲು ಹೆಂಚು ಕಂಡಿತು, ಆಮೇಲೆ ಜಂತೆಗೆ ಕಟ್ಟಿದ ಕುಂಬಳಕಾಯಿ, ಆಮೇಲೆ ಕತ್ತಲು. "ಅಲೋ, ತಂಗೀ" ಎಂದು ದೊಡ್ಡವ್ವನ ದನಿ ಬಂದದ್ದೇ ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆ ದೊಡ್ಡವ್ವನೂ ಅದನ್ನೇ ಮಾಡಿದ್ದಳು. ಐದು ವರ್ಷದ ಮೇಲೆ ಅಕ್ಕ ತಂಗಿ ಕಿವಿಗೆ ಕಿವಿ ಕೊಟ್ಟು ಕೂತರು.

"ಅವ್ವಾ, ಮುಂದಕ್ಕೆ ಹಿಡಿದು ನೋಡು!" ಎಂದು ಕೂಗಿದೆ. ಅವ್ವ ಹಿಡಿದಳು. ಸ್ಕ್ರೀನಿನ ತುಂಬ ದೊಡ್ಡವ್ವನ ಕಿವಿಯೊಂದೇ ಕಾಣುತ್ತಿತ್ತು. ಅವ್ವ ಅದನ್ನೇ ನೋಡುತ್ತಾ ಕೂತಳು. ಕಣ್ಣು ತುಂಬಿರಬೇಕು ಎಂದುಕೊಂಡು ನಾನು ಮುಖ ಆ ಕಡೆ ತಿರುಗಿಸಿದೆ.

"ಅಕ್ಕಾ," ಎಂದಳು ಅವ್ವ ಮೆಲ್ಲಗೆ, "ಕಿವೀಲಿರೋದು ನಮ್ಮವ್ವನ ಓಲೆ ಅಲ್ವಾ?"

ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು.

"ಅವ್ವ ಸತ್ತಾಗ ಹೊಳೆ ಪಾಲಾಯ್ತು ಅಂದ್ಯಲ್ಲಾ, ಅದೇ ಓಲೆ?"

ಕಿವಿ ತಟ್ಟನೆ ಮಾಯವಾಯಿತು. ಅದರ ಜಾಗಕ್ಕೆ ಹಣ್ಣು ಕೂದಲಿನ, ಬೊಚ್ಚುಬಾಯಿಯ, ಸಿಕ್ಕಿಬಿದ್ದ ಮುಖವೊಂದು ಪೂರ್ತಿಯಾಗಿ ಬಂದು ನಿಂತಿತು.

"ಅದೇ ಮುಖ!" ಎಂದು ಅವ್ವ ಕಿರುಚಿದಳು. "ಅದೇ ಕಳ್ಳ ಮುಖ, ಚೂರೂ ಬದಲಾಗಿಲ್ಲ ಕಣಪ್ಪ!" ಬೈಯುತ್ತಾ ನಕ್ಕಳು, ನಗುತ್ತಾ ಅತ್ತಳು. ಆ ಕಡೆಯೂ ಅಳು, ಇಲ್ಲಸಲ್ಲದ ಆಣೆ ಪ್ರಮಾಣ. ಬ್ಯಾಟರಿ ಸಾಯುವವರೆಗೂ ಜಗಳ ನಡೆಯಿತು. ಅವ್ವ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಕೇಳಿದೆ: "ಅವ್ವಾ, ಪೂಜಾರಿ ಹೇಳಿದ್ದು ಸರಿ, ಚಾರ್ಜು ನಿಲ್ಲಲ್ಲ. ವಾಪಸ್ ಕೊಟ್ಟುಬಿಡಲಾ?"

"ಬ್ಯಾಡ ಬ್ಯಾಡ, ಕಾಸು ಕೊಟ್ಬುಡು," ಎಂದಳು ಅವ್ವ ಫೋನನ್ನು ಸೆರಗಿನಲ್ಲಿ ಒರೆಸುತ್ತಾ. "ಕಿವಿ ನೋಡಾಯ್ತು. ಇವತ್ತು ಕತ್ತು ತೋರ್ಸು ಅನ್ಬೇಕು. ಗುಂಡಿನ ಸರವೂ ಆವತ್ತೇ ಹೊಳೆ ಪಾಲಾಗಿದ್ದು."